ಪರದೆಗೆ ಹಾಕಿದ ಗಂಜಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಬಾಗಿಲ ಪರದೆಯ ಕೆಳಗಿನ ಅಂಚನ್ನು. ಇದೇನೂ ಒಳ್ಳೆಯ ಚಾಳಿಯಲ್ಲ. ಮನೆಯವರು ಬರ್ರಿ ಬರ್ರಿ ಎಂದು ಕರೆಯುತ್ತಿರುತ್ತಾರೆ, ನಾನು ಹೊಸ್ತಿಲ ಹತ್ತಿರ ತಲೆ ತಗ್ಗಿಸಿ ನಿಂತಿರುತ್ತೇನೆ. ಈ ಮುದುಕಿಗೆ ಎಷ್ಟು ವಿನಯ ಎಂದು ಅವರು ತಿಳಿದುಕೊಳ್ಳುತ್ತಾರೆ. ವಿನಯವೂ ಇಲ್ಲ, ಗಿನಯವೂ ಇಲ್ಲ. ಅಂಚು ನೆಟ್ಟಗಿದೆಯೋ ನಡುವೆ ಜೋತು ಬಿದ್ದಿದೆಯೋ ಎಂದು ನೋಡುತ್ತಿರುತ್ತೇನೆ. ಜೋತು ಬಿದ್ದಿದ್ದರೆ ಆ ಮನೆಯ ಚಹಾ ನನಗೆ ಇನ್ನಷ್ಟು ರುಚಿಸುತ್ತದೆ.

ಈ ಚಾಳಿ ಅಂಟಿದ್ದು ಕಲ್ಯಾಣಿಯಲ್ಲಿ. ನೀವೀಗ ಬಸವಕಲ್ಯಾಣ ಎನ್ನುತ್ತೀರಿ. ನಾನು ಹುಮನಾಬಾದಿನಿಂದ ಸೊಸೆಯಾಗಿ ಹೋದಾಗ ಅದು ಬರೀ ಕಲ್ಯಾಣಿ, ನಿಜಾಮರ ಕಾಲ, ದೊಡ್ಡ ಲಡಾಯಿ ಇನ್ನೂ ಶುರುವಾಗಿರಲಿಲ್ಲ. ತವರಿನಿಂದ ನಾನು ತಂದ ವಿದ್ಯೆ ಎಂದರೆ ಒಂದು ಕ್ರೋಶಾ ಸೂಜಿ ಹಿಡಿಯುವುದು. ಹುಮನಾಬಾದಿನ ನಮ್ಮ ಓಣಿಗೆ ಬರುತ್ತಿದ್ದ ಹೊಲಿಗೆ ಹೇಳಿಕೊಡುವ ಬಾಯಿಯವರು ಬಿಳಿ ನೂಲಿನಲ್ಲಿ ಹೂವು, ಬಳ್ಳಿ, ನವಿಲು ಹೆಣೆಯುವುದನ್ನು ಕಲಿಸಿದ್ದರು. ಹೆಣೆದ ನವಿಲನ್ನು ಬಾಗಿಲಿಗೆ ತೂಗಿದ ಮೇಲೆ ಅದರ ಗತಿ ಏನಾಗುತ್ತದೆ ಎಂಬುದು ಅವರ ಪಾಠದಲ್ಲಿ ಇರಲಿಲ್ಲ. ಮದುವೆಯಾದ ಮೇಲೆ ಹುಡುಗಿಯ ಗತಿ ಏನಾಗುತ್ತದೆ ಎಂಬುದೂ ಇರಲಿಲ್ಲ. ಎರಡನ್ನೂ ನಾವೇ ಕಲಿಯಬೇಕಾಯಿತು.

ನಮ್ಮತ್ತೆಯವರು ಯಾವುದೋ ಆರತಿಗೆಂದು ತಹಶೀಲದಾರರ ಮನೆಗೆ ಹೋದಾಗ ಲೇಸಿನ ಪರದೆ ನೋಡಿ ಬಂದಿದ್ದರು. ಅಂದಿನಿಂದ ಅವರಿಗೆ ನಮ್ಮ ಪಡಸಾಲೆಯ ಬಾಗಿಲು ಬರಿಗಿವಿಯ ಹೆಂಗಸಿನ ಹಾಗೆ ಕಾಣತೊಡಗಿತು. ಪರದೆಯ ವಿಷಯದಲ್ಲಿ ಮನುಷ್ಯರ ಬುದ್ಧಿ ವಿಚಿತ್ರ, ನೋಡಿ. ನಮ್ಮ ಎದುರು ಮನೆ ಖೈರೂನ್‌ಬೀಯದು. ಅವಳ ಗಂಡ ದರ್ಜಿ. ಆ ಮನೆಯ ಬಾಗಿಲಿಗೆ ದಪ್ಪ ಗೋಣಿತಟ್ಟಿನ ಪರದೆ. ಒಳಗಿನದು ಹೊರಗೆ ಕಾಣಬಾರದು ಎಂದು ಹಾಕಿದ್ದು, ಕಾಣುತ್ತಲೂ ಇರಲಿಲ್ಲ. ಕೆಲಸ ಮಾಡುವ ಪರದೆ ಅಂದರೆ ಅದು. ನಮ್ಮದೋ, ಅಂಗೈ ಅಗಲದ ತೂತುಗಳ ಪರದೆ. ಅದರಿಂದ ಏನೂ ಮರೆಯಾಗುವುದಿಲ್ಲ. ಮರೆಮಾಡುವಂಥದ್ದು ನಮ್ಮ ಮನೆಯಲ್ಲೂ ಇದೆ ಎಂದು ನಾಲ್ಕು ಜನಕ್ಕೆ ತಿಳಿದರೆ ಸಾಕಿತ್ತು.

ನನ್ನ ಮೊದಲ ಪರದೆಯನ್ನು ಬಾಗಿಲಿನ ಅಳತೆಗೆ ಸರಿಯಾಗಿ ಹೆಣೆದೆ. ನಾಲ್ಕು ತಿಂಗಳ ಕೆಲಸ. ತೂಗಿದ ದಿನ ಎರಡು ನವಿಲುಗಳೂ ಮೆರೆದವು. ಆದರೆ ಲೇಸು ತನ್ನ ಭಾರಕ್ಕೆ ತಾನೇ ಇಳಿಯುವ ಜಾತಿ. ಎಂಟು ದಿನಕ್ಕೆ ನವಿಲುಗಳ ಕತ್ತು ಉದ್ದವಾಯಿತು, ತಿಂಗಳಿಗೆ ಹೊಟ್ಟೆ ಜೋತುಬಿತ್ತು, ಎರಡನೆಯ ತಿಂಗಳು ಅಂಚು ಹೊಸ್ತಿಲು ದಾಟಿ ನೆಲ ಸವರತೊಡಗಿತು. ಅತ್ತೆಯವರು ಬೈಯಲಿಲ್ಲ. ಬಂದವರ ಮುಂದೆ, ಸೊಸಿ ಬಂದಮ್ಯಾಲ ನಮಗ ಕಸಬರಗಿ ಬ್ಯಾಡಾಗ್ಯಾದ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಹಟಕ್ಕೆ ಬಿದ್ದು ಕಲಿತೆ. ಬಾಗಿಲಿಗಿಂತ ಒಂದು ಗೇಣು ಗಿಡ್ಡ ಹೆಣೆಯಬೇಕು. ನೂಲನ್ನು ಬಿಗಿ ಹಿಡಿಯಬೇಕು. ಹೆಣೆದದ್ದನ್ನು ತೊಳೆದು, ಗಂಜಿಯಲ್ಲಿ ಅದ್ದಿ, ಹಿಂಡದೆ ಒತ್ತಿ, ಹೊರಸಿನ ಮೇಲೆ, ಅಂದರೆ ನುಲಿಮಂಚದ ಮೇಲೆ ಹಾಸಿ, ನಾಲ್ಕೂ ಕಡೆ ಅದರ ಹಗ್ಗಕ್ಕೆ ಎಳೆದು ಚುಚ್ಚಿ ಬಿಸಿಲಿಗಿಡಬೇಕು. ಚುಚ್ಚಲು ಟಾಚಣಿ, ಗುಂಡುಸೂಜಿ ಬಳಸಿದರೆ ತುಕ್ಕಿನ ಕಲೆ ಬೀಳುತ್ತದೆ. ಅದಕ್ಕೆ ಜಾಲಿಮುಳ್ಳೇ ಆಗಬೇಕು. ಮೋರಖಂಡಿಯ ಕಡೆ ನಮ್ಮ ಹೊಲವಿತ್ತು. ಅಲ್ಲಿಂದ ಬರುವ ಗಾಡಿಯಲ್ಲಿ ಉಳಿದವರ ಮನೆಗೆ ಎಳೆಜೋಳದ ಸೀತನಿ ಬಂದರೆ ನನಗೆ ಮುಳ್ಳು ಬರುತ್ತಿತ್ತು. ಹೊರಸು ಒಂದೇ ಹೆಚ್ಚಿಗೆ ಇದ್ದದ್ದರಿಂದ ಪರದೆ ಒಣಗುವ ದಿನ ಮಾವನವರು ಮಧ್ಯಾಹ್ನದ ನಿದ್ದೆಗೆ ಜಾಗವಿಲ್ಲದೆ ಕಟ್ಟೆಯ ಮೇಲೆ ಕೂತು ತೂಕಡಿಸುತ್ತಿದ್ದರು. ಒಮ್ಮೆ ಮರೆತು ಆ ಮುಳ್ಳಿನ ಹೊರಸಿನ ಮೇಲೆ ಒರಗಿಯೂ ಬಿಟ್ಟರು. ಆ ಸಂಗತಿ ಇಲ್ಲಿ ಬೇಡ.

ಇಷ್ಟೆಲ್ಲ ಆದರೂ ಗಂಜಿ ಯಾವುದು ಎಂಬಲ್ಲಿಗೆ ಬಂದು ವಿದ್ಯೆ ನಿಂತಿತು. ನಮ್ಮದು ಜೋಳದ ಸೀಮೆ. ಜೋಳದ ಗಂಜಿ ಹಾಕಿ ನೋಡಿದೆ, ಪರದೆ ರೊಟ್ಟಿಯ ಬಣ್ಣಕ್ಕೆ ತಿರುಗಿತು. ಮೈದಾ ಕಾಸಿ ಹಚ್ಚಿದೆ, ಒಣಗಿ ಹೆಕ್ಕಳೆ ಹೆಕ್ಕಳೆಯಾಗಿ ಉದುರಿತು. ಸಕ್ಕರೆ ಪಾಕ ಹಚ್ಚಿದರೆ ಕಬ್ಬಿಣದ ಹಾಗೆ ನಿಲ್ಲುತ್ತದೆ ಎಂದು ಯಾರೋ ಹೇಳಿದರು. ನಿಂತದ್ದೇನೋ ನಿಜ. ಕಲ್ಯಾಣಿಯ ಕೋಟೆಯ ಇರುವೆಗಳೆಲ್ಲ ಬಂದು ನವಿಲುಗಳ ಮೇಲೆ ದಂಡು ಹೂಡಿದವು. ಅಕ್ಕಿ ಗಂಜಿಯೇ ಮದ್ದು ಎಂದು ತಿಳಿದಿತ್ತು, ಆದರೆ ನಮ್ಮಲ್ಲಿ ಅನ್ನ ಹಬ್ಬಕ್ಕೊಮ್ಮೆ. ಅದನ್ನೂ ಅತ್ತೆಯವರು ನೀರು ಇಂಗಿಸಿಯೇ ಮಾಡುತ್ತಿದ್ದರು. ಗಂಜಿ ಬಸಿಯುವುದೆಂದರೆ ಲಕ್ಷ್ಮಿಯನ್ನು ಬಚ್ಚಲಿಗೆ ಚೆಲ್ಲಿದಂತೆ.

ಎದುರು ಮನೆಯಲ್ಲಿ ಮಾತ್ರ ಶುಕ್ರವಾರ ಶುಕ್ರವಾರ ದೊಡ್ಡ ಡೇಗಿನಲ್ಲಿ ಅಕ್ಕಿ ಕುದಿಯುತ್ತಿತ್ತು. ಬಿರಿಯಾನಿಗೆ ಅಕ್ಕಿಯನ್ನು ಬೇರೆ ಅರೆಬೇಯಿಸಿ ಬಸಿದುಕೊಳ್ಳುತ್ತಾರೆ. ನನ್ನ ಹೊರಸಿನ ಕಷ್ಟವನ್ನು ಖೈರೂನ್‌ಬೀ ಗೋಣಿತಟ್ಟಿನ ಸಂದಿನಿಂದ ದಿನಾ ನೋಡುತ್ತಿದ್ದಳು. ಒಂದು ಶುಕ್ರವಾರ ಹಿತ್ತಲ ಕಡೆ ಕರೆದು ಒಂದು ಚೆಂಬು ಗಂಜಿ ಕೊಟ್ಟಳು.

"ಉಪ್ಪ ಹಾಕೂಕಿಂತ ಮೊದಲ ತಗದೀನಿ ಬೇಟಿ, ಚಂದ ನಿಲ್ತದ. ನಿಮ್ಮತ್ತಿಗಿ ನಮ್ಮ ಮನೀದಂತ ಹೇಳಬ್ಯಾಡ."

ಹೇಳುವಷ್ಟು ಹುಚ್ಚಿ ನಾನಾಗಿರಲಿಲ್ಲ. ಕಲ್ಯಾಣಿ ಶರಣರು ನಡೆದಾಡಿದ ಊರು. ಮೇಲು ಕೀಳಿನ ಮಾತು ಅಲ್ಲಿ ಎಂಟುನೂರು ವರ್ಷದ ಹಿಂದೆಯೇ ತೀರಿಹೋಗಿದೆ ಎನ್ನುತ್ತಾರೆ. ನಮ್ಮತ್ತೆಯವರ ಅಡುಗೆಮನೆಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಅವರು ಕೆಟ್ಟವರಲ್ಲ. ಖೈರೂನ್‌ಬೀಯ ಜೊತೆ ಕಟ್ಟೆಯ ಮೇಲೆ ಕೂತು ತಾಸುಗಟ್ಟಲೆ ಹರಟುತ್ತಿದ್ದರು, ಅವಳ ಹೆರಿಗೆಗೆ ರಾತ್ರಿ ಎದ್ದು ಹೋಗಿದ್ದರು. ಆದರೆ ಅವಳ ಮನೆಯ ನೀರು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಆ ಗಂಜಿಯನ್ನು ಬಚ್ಚಲ ಒಲೆಯ ಮೇಲೆ ಮತ್ತೆ ಕುದಿಸಿ ಗಟ್ಟಿ ಮಾಡಿ, ಹಬ್ಬದ ಅನ್ನದಿಂದ ಉಳಿಸಿದ್ದು ಎಂದು ಸುಳ್ಳು ಹೇಳಿದೆ. ಹಬ್ಬ ಯಾವುದು ಎಂದು ಅವರು ಕೇಳಲಿಲ್ಲ. ಪರದೆ ಅಷ್ಟು ಚೆನ್ನಾಗಿ ನಿಂತಿತ್ತು. ಹೊಸ್ತಿಲು ದಾಟಬಾರದ ನೀರು ಹೊಸ್ತಿಲ ಮೇಲೆಯೇ ಎರಡು ನವಿಲುಗಳಾಗಿ ನೆಟ್ಟಗೆ ತೂಗುತ್ತಿತ್ತು. ಓಣಿಯ ಹೆಂಗಸರು ಬಂದು ನೋಡಿ ಹೋದರು. ಒಂದೂವರೆ ವರ್ಷ ಹೀಗೇ ನಡೆಯಿತು.

ಅಷ್ಟರಲ್ಲಿ ನನ್ನ ನಾದಿನಿ ಸುಶೀಲಾಳಿಗೆ ಗಂಡು ಗೊತ್ತುಮಾಡುವ ಮಾತು ಬಂತು. ನಮ್ಮ ತವರಿನವರೇ ತೋರಿಸಿದ ಹುಮನಾಬಾದಿನ ಮನೆತನ. ಸಂಬಂಧ ಕೂಡಿದರೆ ನನಗೆ ಎರಡೂ ಮನೆಯಲ್ಲಿ ಮಾನ. ಮುರಿದರೆ ಎರಡೂ ಕಡೆ ನಾನೇ ಕಳ್ಳಿ. ಸುಶೀಲಾ ಒಳ್ಳೆಯ ಹುಡುಗಿ, ಅವಳ ಒಂದೇ ದೋಷ ಎಂದರೆ ಸುಳ್ಳು ಬರುತ್ತಿರಲಿಲ್ಲ, ಹೆಣಿಗೆಯೂ ಬರುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸುವುದು ಪದ್ಧತಿ. ಆ ಕೈ ಯಾರದು ಎಂದು ಒತ್ತಿ ಕೇಳದಿರುವುದೂ ಪದ್ಧತಿಯೇ. ನಮ್ಮ ಓಣಿಯಲ್ಲಿ ಮಣಿಯಿಂದ ಮಾಡಿದ ಒಂದೇ ಒಂದು ಗಿಳಿ ಮನೆಯಿಂದ ಮನೆಗೆ ಹೋಗಿ ಏಳು ಹುಡುಗಿಯರ ಮದುವೆ ಮಾಡಿಸಿತ್ತು. ಹಾಗಾಗಿ ನವಿಲಿನ ಪರದೆ ಸುಶೀಲಾಳ ಕೈಕೆಲಸ ಎಂದು ಅತ್ತೆಯವರು ಇತ್ಯರ್ಥ ಮಾಡಿದರು. ನಾನು ಅವಳಿಗೆ ಹೆಣಿಗೆಯ ಹೆಸರುಗಳನ್ನೆಲ್ಲ ಗಿಣಿಪಾಠ ಮಾಡಿಸಿದೆ. ಹಿತ್ತಲಿನಿಂದ ಬರುವ ಚೆಂಬನ್ನು ಅವಳು ವಾರ ವಾರ ಕಾಣುತ್ತಿದ್ದರೂ ಗಂಜಿಯ ಪಾಠ ಮಾಡಬೇಕೆಂದು ಹೊಳೆಯಲಿಲ್ಲ.

ಅವರು ಬರುವ ಹಿಂದಿನ ಶುಕ್ರವಾರ ಖೈರೂನ್‌ಬೀ ಮುಡಬಿಗೆ ಮಗಳ ಮನೆಗೆ ಹೋಗಿದ್ದಳು. ಚೆಂಬು ಹಿಡಿದು ಹೋದ ನನಗೆ ಅವಳ ಹೊಸ ಸೊಸೆ ಗಂಜಿ ಕೊಟ್ಟಳು, ಪಾಪ, ಉಪ್ಪು ಮಸಾಲೆ ಎಲ್ಲ ಬಿದ್ದ ಮೇಲೆ ಬಸಿದದ್ದನ್ನು. ಅದರಲ್ಲಿ ಲವಂಗದ ವಾಸನೆ ಬಂದದ್ದು ನನ್ನ ಮೂಗಿಗೂ ತಿಳಿಯಿತು. ಆದರೆ ನಾನು ಜಾಣೆಯಲ್ಲವೆ, ಬೀಗರು ಬರುವ ಮನೆಗೆ ಸುವಾಸನೆ ಇರಲಿ ಎಂದುಕೊಂಡೆ. ಅದನ್ನೇ ಕುದಿಸಿ ಗಟ್ಟಿ ಮಾಡಿ ಹಚ್ಚಿದೆ. ಉಪ್ಪು ಹೋಗಲಿಲ್ಲ, ಗಟ್ಟಿಯಾಯಿತು.

ಉಪ್ಪು ಏನು ಮಾಡುತ್ತದೆ ಎಂದು ಉಪ್ಪಿನ ಮಡಕೆ ಇಟ್ಟ ಹೆಂಗಸರಿಗೆಲ್ಲ ಗೊತ್ತು, ತಂಪು ಗಾಳಿ ಬಂದರೆ ನೀರಾಡುತ್ತದೆ. ಅವರು ಸರ್ವಿಸ್ ಮೋಟಾರಿನಲ್ಲಿ ಬಂದಿಳಿದ ದಿನ ಮಳೆಗಾಲವಲ್ಲದಿದ್ದರೂ ಮೋಡ ಕವಿದು ಹನಿ ಉದುರತೊಡಗಿತು. ಗಂಡಸರು ಪಡಸಾಲೆಯ ಆ ಮಗ್ಗುಲಿಗೆ ಕೂತರು. ಈ ಮಗ್ಗುಲಿಗೆ, ಪರದೆಯ ಪಕ್ಕದಲ್ಲೇ, ಹುಡುಗನ ಸೋದರತ್ತೆ ಕೂತರು. ಎತ್ತರದ ಹೆಂಗಸು, ಮಾತು ಕಡಿಮೆ. ಆ ಮನೆಯಲ್ಲಿ ಅವರ ಮಾತೇ ಕೊನೆಯದು ಎಂದು ತವರಿನವರು ಮೊದಲೇ ಹೇಳಿದ್ದರು. ಅತ್ತೆಯವರು ಪರದೆಯ ಕಡೆ ಕೈ ಮಾಡಿ, ಎಲ್ಲಾ ನಮ್ಮ ಸುಶೀಲಾನ ಕೈಲೆ ಆದದ್ದರಿ ಎಂದರು. ಎಲ್ಲರೂ ತಿರುಗಿ ನೋಡಿದರು. ನೋಡುತ್ತಿದ್ದಂತೆಯೇ ನನ್ನ ಎರಡು ನವಿಲುಗಳು ಕತ್ತು ಇಳಿಬಿಟ್ಟವು.

ಸೋದರತ್ತೆ ಎದ್ದರು. ಅಂಚನ್ನು ಬೆರಳಲ್ಲಿ ಹಿಡಿದು ತಿಕ್ಕಿದರು, ಮೂಸಿದರು. ಆಮೇಲೆ, ನನ್ನ ಆಯುಷ್ಯದಲ್ಲಿ ಮತ್ತೆಲ್ಲೂ ಕಾಣದ ಒಂದು ಕೆಲಸ ಮಾಡಿದರು. ಆ ಬೆರಳನ್ನು ನಾಲಗೆಯ ತುದಿಗೆ ಮುಟ್ಟಿಸಿಕೊಂಡರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ರುಚಿ ನೋಡುವುದುಂಟು, ಪರದೆಯ ರುಚಿ ನೋಡಿದ್ದು ಅವರೊಬ್ಬರೇ.

"ಗಂಜಿ ಯಾವದು ಹಾಕೀದಿ ತಂಗಿ?" ಎಂದು ಸುಶೀಲಾಳನ್ನು ಕೇಳಿದರು.

ನಾನು ಒಲೆಯ ಮನೆಯ ಬಾಗಿಲಲ್ಲಿ ನಿಂತಿದ್ದೆ. ಸುಶೀಲಾ ನನ್ನ ಕಡೆ ನೋಡಿದಳು. ಕಲಿಸಿದ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಹಾಗಾಗಿ ಬೇರೆ ದಾರಿ ಕಾಣದೆ ನಿಜ ಹೇಳಿದಳು.

"ಅಕ್ಕಿ ಗಂಜಿರಿ. ಎದುರು ಮನಿ ಖೈರೂನ್‌ಬೀ ಕೊಡ್ತಾರ್ರಿ. ಅವರು ಬಿರಿಯಾನಿಗಿ ಅಕ್ಕಿ ಕುದಸ್ತಾರಲ್ರಿ, ಅದರದು."

ಅತ್ತೆಯವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಕೈಯ ಅಡಕೆ ತಟ್ಟೆಯನ್ನು ನೆಲಕ್ಕೆ ಕುಕ್ಕಿದ್ದು ಮಾತ್ರ ಕೇಳಿಸಿತು. ಸಂಬಂಧ ಹೋಯಿತು, ನಾಳೆಯ ಮೋಟಾರಿಗೆ ನನ್ನನ್ನೂ ಹುಮನಾಬಾದಿಗೆ ಹತ್ತಿಸುತ್ತಾರೆ ಎಂದು ನಾನು ಮನಸ್ಸಿನಲ್ಲೇ ಸೀರೆ ಮಡಚತೊಡಗಿದ್ದೆ. ಸೋದರತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ತಮ್ಮ ಜಾಗದಲ್ಲಿ ಕೂತರು.

"ಉಪ್ಪ ಹಾಕೂಕಿಂತ ಮೊದಲ ಇಸ್ಕೋಬೇಕು ತಂಗಿ," ಎಂದರು. "ನಾವು ಮೊದಲ ಇಸ್ಕೋತೀವಿ."

ಸಂಬಂಧ ಕೂಡಿತು. ಹೆಣಿಗೆ ಬಾರದಿದ್ದರೂ ಚಿಂತೆಯಿಲ್ಲ, ಸುಳ್ಳು ಬಾರದ ಹುಡುಗಿ ನಮಗೆ ಬೇಕು ಎಂದು ಆಮೇಲೆ ಹೇಳಿಕಳಿಸಿದರಂತೆ. ನನ್ನ ನಾಲ್ಕು ತಿಂಗಳ ನವಿಲುಗಳಿಗೆ ಸಿಕ್ಕ ಮರ್ಯಾದೆ ಇಷ್ಟೇ.

ಅತ್ತೆಯವರು ಅಂದೇ ಪರದೆಯನ್ನು ಕಿತ್ತು ಮೂಲೆಗೆ ಹಾಕಿದರು. ಆದರೆ ಅವರಿಗೂ ಲೆಕ್ಕ ಸಿಕ್ಕಿಬಿದ್ದಿತ್ತು. ಪರದೆ ಮೈಲಿಗೆ ಎಂದರೆ ಅದೇ ಗಂಜಿ ಹಾಕುವ ಬೀಗರ ಮನೆಯೂ ಮೈಲಿಗೆ, ಅಲ್ಲಿಗೆ ಹೋಗುವ ಮಗಳೂ ಮೈಲಿಗೆ. ಇನ್ನು ತಹಶೀಲದಾರರ ಮನೆಯ ಆ ನೆಟ್ಟನೆಯ ಪರದೆಗಳನ್ನು ನೆನೆದರೆ ಸೀಮೆಯಲ್ಲಿ ಮಡಿ ಎನ್ನುವ ಬಾಗಿಲೇ ಉಳಿಯುತ್ತಿರಲಿಲ್ಲ. ಮೂರನೆಯ ದಿನ ಬೇಳೆ ಆರಿಸುತ್ತ, ನನ್ನ ಕಡೆ ನೋಡದೆ ಹೇಳಿದರು:

"ಬೀ ಬಂದಳೇನ ನೋಡು. ಬಂದಿದ್ರ ಸೊಸಿಗಿ ಉಪ್ಪಿನ ಮಾತ ಹೇಳಾಕ ಹೇಳು."

ಅಲ್ಲಿಂದ ಚೆಂಬು ಹಿತ್ತಲಿನಿಂದ ಬರುವುದನ್ನು ಬಿಟ್ಟು ಮುಂಬಾಗಿಲಿನಿಂದಲೇ ಬರತೊಡಗಿತು. ಒಳಗೆ ಮಾತ್ರ ಬಚ್ಚಲ ಒಲೆಯ ತನಕ, ಅಡುಗೆಯ ಒಲೆಗಲ್ಲ. ಅತ್ತೆಯವರು ಸೋತರೂ ಒಂದು ಒಲೆಯನ್ನು ಉಳಿಸಿಕೊಂಡಿದ್ದರು.

ವರ್ಷಗಳು ಕಳೆದವು. ಲಡಾಯಿ ಮುಗಿಯಿತು. ಆಮೇಲೆ ನಮ್ಮ ಸೀಮೆಗೆ ಕೆಲವು ಕೆಟ್ಟ ತಿಂಗಳುಗಳು ಬಂದವು. ಅದನ್ನು ಕಂಡವರು ಹೇಳುವುದಿಲ್ಲ, ಹೇಳುವವರು ಕಂಡಿರುವುದಿಲ್ಲ. ಮೊದಲು, ನಿಜಾಮರ ಆಳಿಕೆ ಇರುವ ತನಕ, ಹೆದರಿ ನಾವು ಬಾಗಿಲು ಹಾಕಿಕೊಂಡೆವು, ಆ ಆಳಿಕೆ ಬಿದ್ದ ಮೇಲೆ ಹೆದರಿ ಎದುರು ಮನೆಯವರು ಹಾಕಿಕೊಂಡರು. ನಾವು ಹಾಕಿಕೊಂಡಿದ್ದ ದಿನಗಳಲ್ಲಿ ನಾವು ಕೇಳದಿದ್ದರೂ ಶುಕ್ರವಾರದ ಚೆಂಬು ತಪ್ಪಲಿಲ್ಲ. ಖೈರೂನ್‌ಬೀ ಅದನ್ನು ಹೊಸ್ತಿಲ ಮೇಲಿಟ್ಟು, ಬಾಗಿಲು ಬಡಿದು ಹೋಗುತ್ತಿದ್ದಳು. ಅವರು ಹಾಕಿಕೊಂಡ ಮೇಲೆ ಚೆಂಬು ನಿಂತಿತು. ಗೋಣಿತಟ್ಟಿನ ಹಿಂದೆ ಹಲಗೆಯ ಬಾಗಿಲು ಬಿತ್ತು. ನನ್ನ ತೂತಿನ ಪರದೆಯಿಂದ ಆ ಹಲಗೆ ದಿನವಿಡೀ ಕಾಣುತ್ತಿತ್ತು. ಜೀವನದಲ್ಲಿ ಮೊದಲ ಸಲ ನನಗೆ ದಪ್ಪ ಪರದೆ ಬೇಕೆನ್ನಿಸಿತು. ನೋಡಲು ಆಗುತ್ತಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಅತ್ತೆಯವರು ಹಿತ್ತಾಳೆಯ ಚೆಂಬು ಹಿಡಿದು ಹೊರಟರು. ಪರದೆಗೆ ಗಂಜಿ ಹಾಕಿ ನಾಲ್ಕೇ ದಿನವಾಗಿತ್ತು, ಇದ್ದ ಒಂದಿಷ್ಟು ಅಕ್ಕಿಯಲ್ಲಿ ನಾನೇ ಕಾಸಿ ಹಾಕಿದ್ದೆ, ನವಿಲುಗಳು ಕತ್ತೆತ್ತಿ ನಿಂತಿದ್ದವು. ಗಂಜಿ ಯಾಕ್ರೀ ಅತ್ತಿ ಎಂದೆ. ಅವರು ಓಣಿ ದಾಟಿ ಹಲಗೆ ಬಾಗಿಲು ಬಡಿದು, ಗಂಜಿ ಅದ ಏನ ಬೀ ಎಂದು ಕೇಳಿದರು. ಒಳಗಿನಿಂದ ಖೈರೂನ್‌ಬೀಯ ದನಿ ಬಂತು. ಅಕ್ಕಿನೇ ಇಲ್ಲ ಅಮ್ಮಾ ಎಂದಿತು.

ಅತ್ತೆಯವರು ತಿರುಗಿ ಬಂದರು. ನಮ್ಮಲ್ಲಿ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಗಂಟು ಬಿಚ್ಚಿದರು. ಚೆಂಬಿನ ತುಂಬ ಅಕ್ಕಿ ತುಂಬಿ, ಉಳಿದದ್ದನ್ನು ಗಂಟಿನಲ್ಲೇ ಕಂಕುಳಿಗೆ ಏರಿಸಿಕೊಂಡು ಮತ್ತೆ ಹೋದರು. ಈ ಸಲ ಬಾಗಿಲು ಒಂದು ಗೇಣು ತೆರೆಯಿತು. ಅವರ ದನಿ ಓಣಿಗೆಲ್ಲ ಕೇಳಿಸಿತು, ಕೇಳಿಸಲೆಂದೇ ಹಾಗೆ ಹೇಳಿದರೋ ಏನೋ.

"ಕುದಸು ಬೀ. ಉಪ್ಪ ಆಮ್ಯಾಲ ಹಾಕು."

ಅಂದು ಮಧ್ಯಾಹ್ನ ಬಂದ ಗಂಜಿಯನ್ನು ಪರದೆಗೆ ಹಾಕುವಂತಿರಲಿಲ್ಲ, ಚೆಲ್ಲುವಂತೆಯೂ ಇರಲಿಲ್ಲ. ಅತ್ತೆಯವರು ಅದನ್ನು ಬಚ್ಚಲಿಗೆ ಒಯ್ಯಲಿಲ್ಲ. ಅಡುಗೆಮನೆಯ ಒಲೆಯ ಮೇಲಿಟ್ಟು, ತಾವೇ ಒಂದು ಚಿಟಿಕೆ ಉಪ್ಪು ಹಾಕಿ, ಎರಡು ಬಟ್ಟಲಿಗೆ ಬಗ್ಗಿಸಿ, ಒಂದನ್ನು ನನ್ನ ಮುಂದೆ ತಳ್ಳಿದರು.