ಶುಭ ಶುಕ್ರವಾರದ ಅನುವಾದ

ನಮ್ಮ ಕನ್ನಡ ಸಭೆಯಲ್ಲಿ ಶುಭ ಶುಕ್ರವಾರದ ಆರಾಧನೆ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ಮೂರಕ್ಕೆ ಮುಗಿಯುತ್ತದೆ. ಹುಬ್ಬಳ್ಳಿಯಲ್ಲಿ ಹೇಗೋ ಲಂಡನ್ನಿನ ಗ್ರೀನ್‌ಫರ್ಡ್‌ನ ಬಾಡಿಗೆ ಹಾಲಿನಲ್ಲೂ ಹಾಗೆಯೇ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚುತ್ತಾರೆ. ಪಾಲಿಗೆ ಬಂದ ಮಾತಿನ ಮೇಲೆ ಒಬ್ಬೊಬ್ಬರೂ ಪ್ರಸಂಗ ಮಾಡಬೇಕು. ಆ ವರ್ಷ ನನಗೆ ನಾಲ್ಕನೆಯದು ಬಂದಿತ್ತು, ದೇವರು ತನ್ನನ್ನು ಕೈಬಿಟ್ಟನೆಂದು ಕೂಗುವ ಮಾತು.

"ಕಠಿಣ ಅದ ಅದು. ನಿನಗ ಆಗತದ," ಎಂದು ಕಾಕಾ ಫೋನಿನಲ್ಲಿ ಹೇಳಿದ್ದರು.

ಕಾಕಾ ನನ್ನ ರಕ್ತಸಂಬಂಧಿಯಲ್ಲ. ಗದಗಿನ ಕಡೆಯವರು, ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಹಿರಿಯರು. ನಾನು ನರ್ಸ್ ಕೆಲಸಕ್ಕೆಂದು ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಚೀಲ ಜೋಳದ ಹಿಟ್ಟು ಹೊತ್ತುಕೊಂಡು ನನ್ನ ಕೋಣೆ ಹುಡುಕಿ ಬಂದವರು. ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕ್ರೋಯ್ಡನ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲಿ ಯೆಹೂದಿ ವೃದ್ಧೆಯೊಬ್ಬರಿದ್ದಾರೆ. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಒಬ್ಬರೇ. ನನ್ನ ಅವ್ವ ತೀರಿಕೊಂಡಾಗ ವೀಸಾ ಕಾಗದಗಳು ಕಚೇರಿಯಲ್ಲಿ ಸಿಕ್ಕಿಬಿದ್ದು ನಾನು ಊರಿಗೆ ಹೋಗಲಾಗಲಿಲ್ಲ. ಆಗ ಆಕೆ ಒಂದು ಗಿಡ್ಡ ಮಣೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. "ನಮ್ಮಲ್ಲಿ ಸತ್ತವರ ಮನೆಯವರು ಒಂದು ವಾರ ಹೀಗೆ ಕೆಳಗೆ ಕೂರುತ್ತಾರೆ. ಬಂದವರು ಮಾತಾಡಬೇಕಾಗಿಲ್ಲ," ಎಂದರು. ಆ ವಾರವೆಲ್ಲ ದಿನಾ ಬಂದು, ಮಾತಾಡದೆ ಕೂತು, ಎದ್ದು ಹೋದರು. ಲಂಡನ್ನಿನಲ್ಲಿ ನನಗೆ ಅವರಿಗಿಂತ ಹತ್ತಿರದವರು ಯಾರೂ ಇಲ್ಲ.

ಹಾಗಾಗಿ ನಾಲ್ಕನೆಯ ಮಾತು ಪಾಲಿಗೆ ಬಂದಾಗ ಅವರ ಅಡುಗೆಮನೆಗೇ ಹೋದೆ. ಅದು ಯೇಸು ಹೊಸದಾಗಿ ಆಡಿದ ಮಾತಲ್ಲ, ಯೆಹೂದ್ಯರ ಹಳೆಯ ಪ್ರಾರ್ಥನೆಯೊಂದರ ಮೊದಲ ಸಾಲು ಎಂದು ಪಾಸ್ಟರ್ ಹೇಳಿದ್ದರು. ಆಕೆ ಕನ್ನಡಕ ಹಾಕಿಕೊಂಡು ಇಡೀ ಪ್ರಾರ್ಥನೆಯನ್ನು ಹೀಬ್ರೂನಲ್ಲಿ, ಅರ್ಧ ಹಾಡಿನಂತೆ, ಓದಿದರು. ನನಗೆ ಒಂದಕ್ಷರ ತಿಳಿಯಲಿಲ್ಲ, ಕಣ್ಣು ತುಂಬಿತು. ಅದೇ ಮೇಜಿನ ಮೇಲೆ ನನ್ನ ಪ್ರಸಂಗ ಬರೆದೆ. ಆಕೆ ಚಹಾ ಮಾಡಿಕೊಟ್ಟರು.

"ಶುಕ್ರವಾರ ನೀವೂ ಬನ್ನಿ. ಪಕ್ಕದಲ್ಲಿ ಕೂತು ಎಲ್ಲ ಇಂಗ್ಲಿಷಿನಲ್ಲಿ ಹೇಳುತ್ತೇನೆ," ಎಂದೆ.

"ಆ ಶುಕ್ರವಾರವೇ?"

"ಹೌದು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಗಿಲ ಹತ್ತಿರ ಕುರ್ಚಿ ಸಿಗುತ್ತದೆಯೇ?"

ಮಂಡಿನೋವಿಗೆ ಕೇಳುತ್ತಿದ್ದಾರೆ ಎಂದುಕೊಂಡು ಸಿಗುತ್ತದೆ ಎಂದೆ.

ಆ ದಿನ ನಾವು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ತಾಗಿ ಕೂತೆವು. ಎಲ್ಲರೂ ಬಿಳಿ ಬಟ್ಟೆ ಉಟ್ಟಿದ್ದರು, ಆಕೆ ನೀಲಿ ಕೋಟಿನಲ್ಲಿದ್ದರು. ಬೆಂಗಳೂರಿನ ಹೆಂಗಸೊಬ್ಬರು ಬಂದು ಕೈ ಮುಗಿದು, "ಆಂಟಿಗೆ ಖಾರ ಆಗಲ್ಲ ಅಲ್ವಾ? ಗಂಜಿಗೆ ಉಪ್ಪಿನಕಾಯಿ ಬೇಡ ಅಂತ ಹೇಳ್ತೀನಿ," ಎಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ಆಕೆಗೆ ಅದನ್ನು ಅನುವಾದಿಸಿದೆ. "ಖಾರ ಆಗುತ್ತದೆ ಅಂತ ಹೇಳು, ಆದರೆ ಇದು ನಮ್ಮ ಪಸ್ಕ ಹಬ್ಬದ ವಾರ, ನಾವು ಅಕ್ಕಿ ಮುಟ್ಟುವ ಹಾಗಿಲ್ಲ," ಎಂದು ನಕ್ಕರು.

ಮೊದಲ ಮಾತು ಕಾಕಾನದು. ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸೆಂದು ತಂದೆಯನ್ನು ಬೇಡುವ ಮಾತು. ಕಾಕಾ ಎಂದಿನಂತೆ ಮೆಲ್ಲಗೆ ಆರಂಭಿಸಿದರು. ನಾನು ಅವರಿಗಿಂತ ಅರ್ಧ ವಾಕ್ಯ ಹಿಂದೆ ಪಿಸುಗುಟ್ಟುತ್ತಾ ಹೋದೆ. ಹಾಗೆ ಹೇಳುವಾಗ ಕಿವಿ ಮತ್ತು ಬಾಯಿ ಮಾತ್ರ ಕೆಲಸ ಮಾಡುತ್ತವೆ, ಬುದ್ಧಿ ಆಮೇಲೆ ಬರುತ್ತದೆ.

"ಯಾರನ್ನ ಕ್ಷಮಿಸು ಅಂದ? ತನ್ನನ್ನ ಕೊಂದ ಯೆಹೂದ್ಯರನ್ನ," ಎಂದರು ಕಾಕಾ. "ಆ ರಕ್ತದ ಕಲೆ ಅವರ ಇಡೀ ಕುಲಕ್ಕ ಹತ್ತೇತಿ. ಇವತ್ತಿಗೂ ಅದನ್ನ ಹೊತ್ಕೊಂಡು ದೇಶದಿಂದ ದೇಶಕ್ಕ ತಿರಗತಾರ. ಅಂಥವರನ್ನೂ ಕರ್ತ ಕ್ಷಮಿಸ್ಯಾನ. ಎಂಥಾ ಪ್ರೀತಿ ನೋಡ್ರಿ!"

ಅವರ ಕಣ್ಣಲ್ಲಿ ನೀರಿತ್ತು. ಕೊಂದವರು ಯೆಹೂದ್ಯರು ಎಂಬಲ್ಲಿಯವರೆಗೆ ನಾನು ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದೆ. ಅಲ್ಲಿಗೆ ನಿಲ್ಲಿಸಿದೆ.

ಈ ಮಾತು ನನಗೆ ಹೊಸದಲ್ಲ. ಸಂಡೇ ಸ್ಕೂಲಿನಲ್ಲಿ ಬಣ್ಣದ ಚಿತ್ರ ತೋರಿಸಿ ಹೇಳಿಕೊಟ್ಟದ್ದೇ. ಪ್ರತಿ ವರ್ಷ, ಬಿಳಿ ಸೀರೆಯ ಸೆರಗು ತಲೆಯ ಮೇಲೆಳೆದುಕೊಂಡು, ಗೋಡೆಯ ಮೇಲಿನ ಗಡಿಯಾರದ ಸದ್ದು ಕೇಳುವ ಹಾಗೆ ಕೇಳಿದ್ದೆ. ಇಂಗ್ಲಿಷಿನಲ್ಲಿ, ನನ್ನ ಬಾಯಿಂದ, ಅವರ ಕಿವಿಗೆ ಹೋದಾಗಲೇ ಅದು ನನಗೆ ಮೊದಲ ಸಲ ಕೇಳಿಸಿತು. ಆಸ್ಪತ್ರೆಯಲ್ಲಿ ತಪ್ಪು ಔಷಧಿ ಕೈಗೆ ಬಂದಾಗ ಹೀಗೇ ಬೆಚ್ಚುತ್ತೇನೆ. ಆದರೆ ಅಲ್ಲಿ ಕೊಡುವ ಮೊದಲೇ ತಿಳಿಯುತ್ತದೆ.

"ಮುಂದೆ?" ಎಂದರು ಆಕೆ, ಕಾಕಾನ ಕಡೆಯಿಂದ ಕಣ್ಣು ತೆಗೆಯದೆ.

"ಅದೇ... ಕ್ಷಮೆಯ ವಿಷಯ."

"ಇಲ್ಲ. ಅವರು ತುಂಬ ಮಾತಾಡಿದರು, ನೀನು ಸ್ವಲ್ಪವೇ ಹೇಳಿದೆ. ಏನನ್ನೂ ಬಿಡಬೇಡ."

ಹೇಳಿದೆ. ರಕ್ತದ ಕಲೆ, ಕುಲ, ದೇಶದಿಂದ ದೇಶಕ್ಕೆ. ಆಕೆ ತಲೆಯಾಡಿಸಿ ಕೈಚೀಲವನ್ನು ನೆಲದಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಏಳುತ್ತಾರೆ ಎಂದುಕೊಂಡೆ. ಏಳಲಿಲ್ಲ. ಎರಡನೆಯ, ಮೂರನೆಯ ಪ್ರಸಂಗಗಳನ್ನು ನಾನು ಹೇಗೆ ಅನುವಾದಿಸಿದೆನೋ ನೆನಪಿಲ್ಲ.

ಆಮೇಲೆ ನನ್ನ ಹೆಸರು ಕರೆದರು. ಎದ್ದು ಮುಂದೆ ಹೋಗುವಾಗ, ಈಗ ಏನಾದರೂ ಹೇಳಬೇಕು, ಹೇಳಿಯೇ ತೀರುತ್ತೇನೆ ಎಂದುಕೊಂಡಿದ್ದೆ. ನಿಂತು, ಕಾಗದ ಬಿಡಿಸಿ, ಓದಲು ತೊಡಗಿದೆ. ಎರಡನೆಯ ಪ್ಯಾರಾದಲ್ಲಿ ನನ್ನ ಬಾಯಿ ಹೀಗೆಂದಿತು: "ಶಿಲುಬೆಯ ಕೆಳಗೆ ನಿಂತ ಯೆಹೂದ್ಯರು ಆತನ ಕೂಗನ್ನು ಕೇಳಿ ಹಾಸ್ಯ ಮಾಡಿದರು."

ನಾನೇ ಬರೆದದ್ದು. ಅವರ ಮೇಜಿನ ಮೇಲೆ, ಅವರ ಚಹಾ ಕುಡಿಯುತ್ತಾ, ಅವರು ಓದಿದ ಪ್ರಾರ್ಥನೆ ಇನ್ನೂ ಕಿವಿಯಲ್ಲಿರುವಾಗ ಬರೆದದ್ದು. ಬರೆಯುವಾಗ ಕೈ ಒಂದಿಷ್ಟೂ ತಡೆದಿರಲಿಲ್ಲ. ಈಗ, ಕಾಕಾನ ಮಾತಿಗೆ ಅಷ್ಟು ಬೆಚ್ಚಿದ ಮೇಲೂ, ನಾಲಿಗೆ ತಡೆಯಲಿಲ್ಲ.

ನಿಂತುಬಿಟ್ಟೆ. ಹಾಲಿನಲ್ಲಿ ಯಾರೋ ಕೆಮ್ಮಿದರು. ಕೊನೆಯ ಸಾಲಿನಲ್ಲಿ ಆಕೆ, ಒಂದು ಮಾತೂ ತಿಳಿಯದೆ, ನನಗೆ ಧೈರ್ಯ ಕೊಡುವಂತೆ ಗದ್ದ ಮೇಲೆತ್ತಿದರು. ಭಾಷಣ ಮರೆತೆನೆಂದು ತಿಳಿದಿರಬೇಕು. ಉಳಿದದ್ದನ್ನು ಓದಲಿಲ್ಲ. ಈ ಕೂಗನ್ನು ಆತ ತನ್ನ ತಾಯಿಯಿಂದ ಕಲಿತಿರಬೇಕು, ಆ ತಾಯಿಯೂ ಯೆಹೂದಿ, ಕೂಗಿದವನೂ ಯೆಹೂದಿ ಎಂದಷ್ಟು ಹೇಳಿ ಬಂದು ಕೂತೆ.

ಆರಾಧನೆಯ ನಂತರ ಗಂಜಿಯ ಸಾಲಿನಲ್ಲಿ ಕಾಕಾ ಬಂದರು. "ಚಂದ ಸುರು ಮಾಡಿದ್ದಿ. ನಡುವ ಯಾಕ ನಿಂತಿ? ಬಿ.ಪಿ. ನೋಡ್ಕೊ ಮೊದ್ಲ, ಮಂದಿದು ನೋಡೂದ ಆತು ಜಲ್ಮ ಎಲ್ಲಾ."

"ಕಾಕಾ, ನೀವು ಹೇಳಿದ್ದನ್ನೆಲ್ಲ ನಾ ನನ್ನ ಬಾಜೂಕ ಕುಂತವರಿಗೆ ಇಂಗ್ಲಿಷಿನ್ಯಾಗ ಹೇಳೀನಿ. ಅವರು ಯೆಹೂದ್ಯರು."

ಕಾಕಾ ಗಂಜಿಯ ಬಟ್ಟಲು ಹಿಡಿದೇ ಆಕೆಯ ಕಡೆ ತಿರುಗಿ ನೋಡಿದರು. "ಎಲ್ಲಾ ಹೇಳಿದಿ?"

"ಎಲ್ಲಾ."

"ಅದನ್ಯಾಕ ಹೇಳಬೇಕಾಗಿತ್ತವ್ವಾ?"

"ನೀವ್ಯಾಕ ಹೇಳಬೇಕಾಗಿತ್ತು?"

"ನಮ್ಮಪ್ಪ ಹೇಳತಿದ್ದ. ಅವಂಗ ಜರ್ಮನ್ ಪಾದ್ರಿಗಳು ಹೇಳಿದ್ದರು. ಗದಗಿನ್ಯಾಗ ಯೆಹೂದ್ಯರು ಎಲ್ಲಿದ್ದರು? ಯಾರಿಗೆ ನಾಟೂ ಮಾತದು?" ಎಂದರು. ನಿಜಕ್ಕೂ ಕೇಳುತ್ತಿದ್ದರು.

ಯುರೋಪಿನಲ್ಲಿ ಹುಟ್ಟಿದ ಆರೋಪ ಹಡಗು ಹತ್ತಿ, ಒಬ್ಬ ಯೆಹೂದಿಯೂ ಇಲ್ಲದ ನಮ್ಮೂರುಗಳಿಗೆ ಬಂದು, ಕನ್ನಡ ಕಲಿತು, ಮತ್ತೆ ವಿಮಾನ ಹತ್ತಿ ಇಲ್ಲಿಗೆ ಬಂದಿತ್ತು. ದೊಡ್ಡ ಚರ್ಚುಗಳು ಅದನ್ನು ಕೈಬಿಟ್ಟು ಬಹಳ ಕಾಲವಾಗಿದೆ ಎಂದು ಪಾಸ್ಟರ್ ನಂತರ ಹೇಳಿದರು. ನಮ್ಮ ಹಾಲಿಗೆ ಆ ಸುದ್ದಿ ತಲುಪಿರಲಿಲ್ಲ.

ಕಾಕಾ ಬಟ್ಟಲನ್ನು ಕಿಟಕಿಯ ಮೇಲಿಟ್ಟು ಆಕೆಯ ಬಳಿ ಹೋದರು. ತಮ್ಮ ಇಂಗ್ಲಿಷಿನಲ್ಲಿ, "ಮೇಡಂ, ನಾನು ಹೇಳಿದ್ದು ನಿಮ್ಮ ಬಗ್ಗೆ ಅಲ್ಲ," ಎಂದರು.

"ಮತ್ತೆ ಯಾರ ಬಗ್ಗೆ?" ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

ಕಾಕಾ ಬಿಳಿ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಅಲ್ಲಿಯೇ ನಿಂತರು.

ಆಕೆಯನ್ನು ಕೂರಿಸಿಕೊಂಡು ಮನೆಯತ್ತ ಕಾರು ತಿರುಗಿಸಿದೆ. ಮಾತು ಶುರು ಮಾಡಿದವರು ಅವರೇ. ಅವರ ತಾಯಿ ಪೋಲೆಂಡಿನ ಒಂದು ಸಣ್ಣ ಊರಿನಿಂದ ಹುಡುಗಿಯಾಗಿದ್ದಾಗ ಬಂದವರು. ಅಲ್ಲಿ ಈ ಶುಕ್ರವಾರ ಚರ್ಚು ಬಿಡುವ ಹೊತ್ತಿಗೆ ಯೆಹೂದ್ಯರ ಮನೆಗಳಲ್ಲಿ ಕಿಟಕಿಯ ಹಲಗೆಗಳನ್ನು ಮುಚ್ಚಿ, ಮಕ್ಕಳನ್ನು ಮಂಚದ ಕೆಳಗೆ ಮಲಗಿಸುತ್ತಿದ್ದರಂತೆ. ಕೆಲವು ವರ್ಷ ಏನೂ ಆಗುತ್ತಿರಲಿಲ್ಲ. ಒಂದು ವರ್ಷ ಚರ್ಚಿನಿಂದ ಬಂದವರು ಬಾಗಿಲು ಒಡೆದರು.

"ಲಂಡನ್ನಿಗೆ ಬಂದ ಮೇಲೂ ಅಮ್ಮ ಈ ದಿನ ನಮ್ಮನ್ನು ಹೊರಗೆ ಬಿಡುತ್ತಿರಲಿಲ್ಲ," ಎಂದರು. "ಚರ್ಚಿನೊಳಗೆ ಏನು ಹೇಳಿಸಿಕೊಂಡು ಬಂದು ಹೀಗೆ ಮಾಡುತ್ತಾರೆ ಅಂತ ಅವಳು ಸಾಯುವವರೆಗೆ ಕೇಳುತ್ತಿದ್ದಳು. ಅವರಿಗೂ ಅದನ್ನು ಹೇಳುತ್ತಿದ್ದವರು ಇಷ್ಟೇ ಮೆದುವಾಗಿ ಹೇಳುತ್ತಿದ್ದರೇನೋ."

ಬಾಗಿಲ ಹತ್ತಿರದ ಕುರ್ಚಿ ಯಾಕೆಂದು ಆಗ ತಿಳಿಯಿತು. "ಗೊತ್ತಿದ್ದೂ ಯಾಕೆ ಬಂದಿರಿ?" ಎಂದೆ.

"ನೀನು ಕರೆದೆ."

ಮನೆಯ ಮುಂದೆ ಕಾರು ನಿಲ್ಲಿಸಿದೆ. ಆಕೆ ಸೀಟ್ ಬೆಲ್ಟ್ ಬಿಚ್ಚಿದರು, ಬಾಗಿಲು ತೆರೆಯಲಿಲ್ಲ.

"ನೀನು ಮಾತಾಡಿದ್ದನ್ನು ನನಗೆ ಯಾರೂ ಅನುವಾದಿಸಲಿಲ್ಲ. ನಡುವೆ ಯಾಕೆ ನಿಂತೆ? ಏನು ಹೇಳಿದೆ?"

ಕೊನೆಯ ಮಾತನ್ನಷ್ಟೇ ಹೇಳಬಹುದಿತ್ತು. ತಾಯಿಯೂ ಯೆಹೂದಿ, ಮಗನೂ ಯೆಹೂದಿ ಎಂಬುದನ್ನು. ಅದೂ ಸುಳ್ಳಾಗುತ್ತಿರಲಿಲ್ಲ. ಆಕೆ ಬಹುಶಃ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು.

ಚೀಲದಿಂದ ಕಾಗದ ತೆಗೆದು ಮೊದಲ ಸಾಲಿನಿಂದ ಶುರು ಮಾಡಿದೆ. ಎರಡನೆಯ ಪ್ಯಾರಾಕ್ಕೆ ಬಂದಾಗ ನನ್ನ ದನಿ ಸಣ್ಣದಾಯಿತು. ಆದರೂ ಆ ವಾಕ್ಯವನ್ನು, ಎಷ್ಟಿತ್ತೋ ಅಷ್ಟನ್ನೂ, ಇಂಗ್ಲಿಷಿಗೆ ತಂದೆ.

ಆಕೆ ಮುಂದಿನ ಗಾಜಿನಾಚೆ ನೋಡುತ್ತಿದ್ದರು. ರಸ್ತೆಯ ತುದಿಯಲ್ಲಿ ಒಂದು ಟ್ರಾಮ್ ದಾಟಿ ಹೋಯಿತು.

"ಇದನ್ನು ಯಾವಾಗ ಬರೆದೆ?"

"ನಿಮ್ಮ ಮನೆಯಲ್ಲಿ. ನೀವು ಓದಿದ ಮೇಲೆ."

ಆಕೆ ಕಣ್ಣು ಮುಚ್ಚಿಕೊಂಡರು. ಕೈ ಬಾಗಿಲ ಹಿಡಿಯ ಮೇಲೆ ಹೋಯಿತು, ಹಾಗೆಯೇ ನಿಂತಿತು. ನಾನು ಕ್ಷಮಿಸಿ ಎನ್ನಲು ಹೊರಟೆ, ಆ ದಿನ ಆ ಪದವನ್ನು ಅವರಿಗೆ ಎಷ್ಟು ಸಲ ಕೇಳಿಸಿದ್ದೆನೆಂದು ನೆನಪಾಗಿ ಸುಮ್ಮನಾದೆ.

"ಕಾಗದದಲ್ಲಿ ಇನ್ನೂ ಉಳಿದಿದೆಯಲ್ಲ," ಎಂದರು ಆಕೆ. "ಓದು."