ಮೂವತ್ತಾರರ ಜೋಡಿ

ಟ್ರಂಕಿನ ಮುಚ್ಚಳ ತೆಗೆದೊಡನೆ ಬೇವಿನೆಲೆಯ ಕಹಿ ವಾಸನೆ ಬಂತು, ಅದರ ಬೆನ್ನಿಗೇ ಚಿಗವ್ವ ಬಂದಳು. ಬಂದಳೆಂದರೆ ನೆನಪಿಗೆ, ಅವಳು ತೀರಿಕೊಂಡು ವರ್ಷಗಳಾದವು. ವಿಜಯಪುರದಲ್ಲಿ ಚಳಿ ಬಿತ್ತೆಂದು ಅವಳು ಹೊಲಿದ ಕೌದಿಯನ್ನು ಬಿಸಿಲಿಗೆ ಹಾಕಲು ಹೊರಟಿದ್ದೆ. ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಬಡಿತ ಕೇಳುತ್ತ ಮಾಳಿಗೆಯ ಮೇಲೆ ಹರವಿದೆ. ನೀವೂ ಬನ್ನಿ, ನೋಡಿ: ಹಳೆ ಸೀರೆಗಳ ಮೂವತ್ತಾರು ತುಂಡು, ಆರು ಸಾಲಿನಲ್ಲಿ ಆರಾರು.

ಚಿಗವ್ವ ಎಂದರೆ ನಿಡೋಣಿಯ ನಮ್ಮ ಕಾಕಾನ ಹೆಂಡತಿ, ಬಬಲೇಶ್ವರದ ಹೆಣ್ಣು. ಒಡಹುಟ್ಟಿದವರಿಲ್ಲ, ಮಕ್ಕಳಾಗಲಿಲ್ಲ. ಒಂದು ಮಧ್ಯಾಹ್ನ, ಕೌದಿ ಹೊಲಿಯುವ ಮುನ್ನ, ಇದೇ ತುಂಡುಗಳನ್ನು, ಬೇಸರಕ್ಕೋ ಏನೋ, ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಮೆಟ್ಟಿಲಿನಂತೆ ಇಡುತ್ತ ಹೋದಳು. ಎಂಟನೆಯ ಸಾಲಿಗೆ ಎಂಟು ಇಟ್ಟಾಗ ಕೈ ಖಾಲಿ. ಒಂದೂ ಮಿಕ್ಕಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ.

"ನೋಡ ತಮ್ಮಾ, ಚೌಕಾನೂ ಆಗತೈತಿ, ಮೆಟ್ಟಿಲಾನೂ ಆಗತೈತಿ. ಇಂಥಾದ್ದು ಇನ್ನೊಂದ ಐತೇನ?"

"ಒಂದರ ಅಂಕಿ ಐತಲ್ಲ" ಎಂದೆ, ಹೈಸ್ಕೂಲಿನ ಜಾಣ.

"ಅದನ್ನ ಹಿಡೀಬ್ಯಾಡೋ. ಒಂದ್ರಾಗ ಎಲ್ಲಾರೂ ಶಾಣ್ಯಾರ!"

ಅಂದಿನಿಂದ ಹುಡುಕಾಟ. ಹುಣಸೆಬೀಜವನ್ನು ಅಂಗಳದಲ್ಲಿ ಚೌಕವಾಗಿ ಹೊಂದಿಸುವುದು, ಅವನ್ನೇ ಮೆಟ್ಟಿಲಾಗಿ ಬಿಡಿಸುವುದು. ನಲವತ್ತೊಂಬತ್ತರಲ್ಲಿ ನಾಲ್ಕು ಮಿಕ್ಕವು. ಅರವತ್ನಾಲ್ಕರಲ್ಲಿ ಎರಡು ಸಾಲಲಿಲ್ಲ. ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದ: "ಮಂದಿ ಹುಣಸಿಬೀಜಾ ಹುರದ ತಿಂತಾರ್ರಿ, ನಮ್ಮಾಕಿ ಅವಕ್ಕ ಸಾಲಿ ಕಲಸಾಕತ್ತಾಳ."

ಮೂವತ್ತು ಸಾಲಿನ ಚೌಕಕ್ಕೆ ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಬಿಡಿಸಿದಳು. ಕೊನೆಯ ಮೆಟ್ಟಿಲಿಗೆ ಮೂರೇ ಮೂರು ಬೀಜ ಕಡಿಮೆ.

ಕಾಕಾ ಬುಟ್ಟಿಯಿಂದ ಮೂರು ಹೆಕ್ಕಿ ಚಾಚಿದ. "ತಗೋ ಹುಚ್ಚಿ, ಮೂರ ಬೀಜಕ್ಕ ಯಾಕ ಮಾರಿ ಸಣ್ಣ ಮಾಡತಿ?"

"ಇವನ್ನ ಕೂಡಿಸಿದ್ರ ಚೌಕ ಕೆಡತೈತ್ರಿ."

ಅವನು ನಕ್ಕ. ನಾನೂ ನಕ್ಕೆ. ಅವಳು ಕಸಬರಿಗೆ ತಂದು ಬೀಜವನ್ನೆಲ್ಲ ಗುಡಿಸಿದಳು. "ಇದಕ್ಕ ಜೋಡಿಲ್ಲ ತಮ್ಮಾ. ಇದೂ ನನ್ನಂಗ ಒಂಟಿ" ಎಂದಳು. ಆಮೇಲೆ ಆ ಮಾತೇ ಎತ್ತಲಿಲ್ಲ.

ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೆ ನಾಲ್ಕು ಜೋಳದ ಕಾಳು ಹಾಕುವುದು ಅವಳ ರೂಢಿ, ಕೌದಿ ಹಸಿದಿರಬಾರದಂತೆ. ಈ ಕೌದಿಗೆ ಮಾತ್ರ ಒಂದು ಹುಣಸೆಬೀಜ ಹಾಕಿ ಹೊಲಿದಳು. ಯಾಕೆಂದು ಯಾರೂ ಕೇಳಲಿಲ್ಲ.

ಮಗಳು ಚಹಾ ತಂದಳು. ತಿಕೋಟಾದ ಶಾಲೆಯಲ್ಲಿ ಗಣಿತ ಹೇಳುತ್ತಾಳೆ, ಅವತ್ತು ರಜೆ. ಕೌದಿಯ ಕಥೆ ಹೇಳಿದೆ. ಅವಳು ಹೆಂಚಿನ ಚೂರಿನಿಂದ ಮಾಳಿಗೆಯ ನೆಲದ ಮೇಲೆ ಏನೋ ಗೀಚಿದಳು.

"ಐತಿ ಯಪ್ಪಾ. ಸಾವಿರದ ಇನ್ನೂರಾ ಇಪ್ಪತ್ತೈದು. ಮೂವತ್ತೈದರ ಚೌಕ, ನಲವತ್ತೊಂಬತ್ತ ಮೆಟ್ಟಿಲ."

"ಅದರಾಚೆ?"

"ಅದರಾಚೆನೂ ಅದಾವು. ಮುಗಿಯೂದ ಇಲ್ಲ."

ಮುಗಿಯುವುದಿಲ್ಲ ಎನ್ನುವುದು ದೊಡ್ಡ ಮಾತು. ನನಗೆ ನಾಟಿದ್ದು ಮೂವತ್ತರಿಂದ ಮೂವತ್ತೈದರವರೆಗಿನ ದಾರಿ. ಅಷ್ಟು ಹತ್ತಿರ ಹೋಗಿ, ಆ ಹಾಳು ಮೂರು ಬೀಜಕ್ಕೆ ಸೋತು, ಒಂಟಿಯೆಂದೇ ನಂಬಿ ಹೋದಳು. ಕಾಕಾನ ಅಂಗಳ ಇನ್ನೊಂದಿಷ್ಟು ದೊಡ್ಡದಿರಬಾರದಿತ್ತೇ?

ಮೂಲೆಯನ್ನು ಬೆರಳಿನಿಂದ ಒತ್ತಿದೆ. ಬೀಜ ಗಟ್ಟಿಯಾಗಿ ಕೂತಿತ್ತು.

"ಇನ್ನ ಐದ ಸಾಲ ಇತ್ತ ಬೇ, ಚಿಗವ್ವಾ."

"ಯಾರ ಜೋಡಿ ಮಾತಾಡಾಕತ್ತಿ ಯಪ್ಪಾ?" ಮಗಳು ಕೇಳಿದಳು.

ಕೌದಿ ಮತ್ತೆ ಟ್ರಂಕಿಗೆ ಹೋಗಲಿಲ್ಲ. ಈಗ ದಿನವೂ ಹೊದೆಯುತ್ತೇನೆ, ಆ ಮೂಲೆ ಕೈಗೆ ಬರುವಂತೆ.