ಮುದಿನಾಯಿಗೆ ಕಟ್ಟಿದ ಕಣ್ಣಿ

ನೈಜಾಮನ ಸೀಮೆಯ ಐಜದಿಂದ ತುಂಗಭದ್ರೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ನಮ್ಮದು ಗುಡಿಯ ಪೂಜೆ ಮಾಡುವ ಮನೆತನ. ನಾಯಿಯನ್ನು ಮುಟ್ಟಿದವರು ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಿದ್ದೂ ನಮ್ಮಲ್ಲಿ ಮೂರು ನಾಯಿಗಳಿದ್ದವು. ಸಾಕಿದವಳು ಬೇರೆ ಯಾರೂ ಅಲ್ಲ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಡಿ ಮಾಡುತ್ತಿದ್ದ ನನ್ನ ಅಜ್ಜಿ, ಅಪ್ಪನ ತಾಯಿ. ಮಧ್ಯಾಹ್ನ ಊಟ ಮುಗಿಸಿ, ಮಡಿಸೀರೆ ತೆಗೆದಿಟ್ಟು ಹಳೆಯದೊಂದನ್ನು ಉಟ್ಟಳೆಂದರೆ ಸಂಜೆಯ ಸ್ನಾನದವರೆಗೆ ಅವಳು ನಾಯಿಗಳ ಪಾಲು. ಆ ಹೊತ್ತಿನಲ್ಲಿ ಅವಳ ಮುಖದ ಮೇಲೆ ಒಂದು ನಗೆ ಇರುತ್ತಿತ್ತು. ದೇವರಮನೆಯಲ್ಲಿ ನಾನು ಆ ನಗೆಯನ್ನು ಕಂಡದ್ದಿಲ್ಲ.

ಮೂರರಲ್ಲಿ ಒಂದು ಕೆಂದು ಬಣ್ಣದ ಗಂಡು, ಒಂದು ಕರಿ ಹೆಣ್ಣು, ಇನ್ನೊಂದು ಆ ಕರಿಯ ತಾಯಿ. ಅದನ್ನು ನಾವು ಮುದಿನಾಯಿ ಎಂದೇ ಕರೆಯುತ್ತಿದ್ದೆವು. ರಜಾಕಾರರ ಭಯ ಊರೂರಿಗೆ ಹಬ್ಬಿದ ವರ್ಷ ಕರಿನಾಯಿಗೆ ಹೊಟ್ಟೆ ಬಂತು. ಊರವರೆಲ್ಲ ಯಾವ ಹೊತ್ತಿಗೆ ಏನಾಗುವುದೋ ಎಂದು ಜೀವ ಹಿಡಿದು ಕೂತಿದ್ದರೆ, ನಮ್ಮ ಅಜ್ಜಿಗೆ ನಾಯಿಯ ಬಾಣಂತನದ ಚಿಂತೆ.

ಚಿಂತೆಗೆ ಕಾರಣವೂ ಇತ್ತು. ಹಿಂದಿನ ಸಲ ಕರಿ ಈದಾಗ ಮುದಿನಾಯಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಬಣವೆಯ ಸಂದಿಯಲ್ಲಿಟ್ಟು ಕಾವಲು ಕೂತುಬಿಟ್ಟಿತ್ತು. ಕೊಂದಿರಲಿಲ್ಲ, ಮುದ್ದು ಮಾಡಿತ್ತು. ಆದರೆ ಅದರ ಮೊಲೆಯಲ್ಲಿ ಹಾಲೆಲ್ಲಿತ್ತು? ನಾವು ಹುಡುಕಿ ತೆಗೆಯುವಷ್ಟರಲ್ಲಿ ಮರಿ ತಣ್ಣಗಾಗಿತ್ತು. ಅದಕ್ಕೇ ಈ ಸಲ ಅಜ್ಜಿ ಮೊದಲೇ ಎಲ್ಲ ಏರ್ಪಾಡು ಮಾಡಿದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಬಾಗಿಲಿಗೆ ಅಡ್ಡ ಹಲಗೆ ಕೊಟ್ಟಳು. ಗಂಡುನಾಯಿಗೆ ಅಂಗಳದಲ್ಲಿ ಮೊದಲು ಊಟ. ಹೊಟ್ಟೆ ತುಂಬಿದ ಮೇಲೆ ಅದು ಆ ಕಡೆ ತಲೆ ಹಾಕುತ್ತಿರಲಿಲ್ಲ. ಕರಿಗೆ ಬೆಲ್ಲ ಹಾಕಿದ ಜೋಳದ ಅಂಬಲಿ. ಮುದಿನಾಯಿಯನ್ನು ಮಾತ್ರ ಹಿತ್ತಲಲ್ಲಿ, ಬಾವಿಯ ಪಕ್ಕದ ನುಗ್ಗೆಮರಕ್ಕೆ, ಎತ್ತಿಗೆ ಹಾಕುವ ಹಗ್ಗದ ಕಣ್ಣಿಯಿಂದ ಕಟ್ಟಿದಳು.

"ಮರಿ ಕಣ್ಣು ಬಿಡೋ ತನಕ ಇದರ ಕಣ್ಣಿ ಯಾರೂ ಬಿಚ್ಚಬ್ಯಾಡ್ರಿ," ಎಂದು ಅಪ್ಪಣೆಯಾಯಿತು. "ನಾನೇ ಬಿಚ್ಚತೀನಿ, ನಾನೇ ಕಟ್ಟತೀನಿ."

ಕರಿ ಈದ ಮೇಲೆ ದಿನಾ ಮಧ್ಯಾಹ್ನ ತಾನೇ ಬಿಚ್ಚಿ, ಪಕ್ಕದಲ್ಲೇ ನಡೆಸಿಕೊಂಡು ಬಂದು, ಹಲಗೆಯ ಹೊರಗಿನಿಂದ ಮೂಸಲು ಬಿಡುತ್ತಿದ್ದಳು. ಒಳಗೆ ಕರಿ ಗುರ್ರೆಂದರೆ ಹಿಂದಕ್ಕೆ ಕರೆದೊಯ್ಯುತ್ತಿದ್ದಳು. ಒಮ್ಮೆ ನನ್ನ ತಾಯಿ ಪಾಪವೆಂದು ಕಣ್ಣಿ ಬಿಚ್ಚಿದ್ದಕ್ಕೆ ಮುದಿನಾಯಿ ನೆಟ್ಟಗೆ ಕೊಟ್ಟಿಗೆಗೆ ನುಗ್ಗಿ, ಎರಡೂ ಕಚ್ಚಾಡಿ, ಅಮ್ಮ ಬೈಸಿಕೊಂಡಳು. ಆಮೇಲೆ ಆ ಗಂಟಿನ ಸುದ್ದಿಗೆ ಯಾರೂ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಮರಿ ಕುಂಯ್‌ಗುಟ್ಟಿದಾಗಲೆಲ್ಲ ಇದು ನುಗ್ಗೆಮರದ ಕೆಳಗೆ ನಿಂತು ಅಳುತ್ತಿತ್ತು. ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಶ್ರಾವಣದ ಕೊನೆಗೆ, ಒಂದು ಬೆಳಿಗ್ಗೆ, ಪಕ್ಕದ ಹಳ್ಳಿ ಸುಟ್ಟರೆಂಬ ಸುದ್ದಿ ಬಂತು. ನದಿ ದಾಟಿ ನೈಜಾಮನ ಸೀಮೆಯ ಹೊರಗಿನ ಕರ್ನೂಲಿಗೆ ಹೋಗಿಬಿಡುವುದೆಂದು ಗುಡಿಯ ಮುಂದೆ ಸೇರಿದವರು ನಿಂತ ಕಾಲಮೇಲೆ ತೀರ್ಮಾನಿಸಿದರು. ಬಂಡಿ ಬಾಗಿಲಿಗೆ ಬಂತು. ಅಪ್ಪ ಆಗಷ್ಟೇ ಪೂಜೆ ಮುಗಿಸಿ ಒದ್ದೆ ಪಂಚೆಯಲ್ಲೇ ಸಾಲಿಗ್ರಾಮದ ಸಂಪುಟವನ್ನು ಎದೆಗೆ ಅವುಚಿಕೊಂಡಿದ್ದ. ಅಜ್ಜಿ ಸ್ನಾನ ಮಾಡಿ ಮಡಿಯುಟ್ಟು ದಾರಿಯ ಅವಲಕ್ಕಿಯ ಗಂಟು ಹಿಡಿದಿದ್ದಳು. ಇಬ್ಬರೂ ನಾಯಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಅಷ್ಟಕ್ಕೆ ಬಂಡಿ ನಿಲ್ಲುವುದಿಲ್ಲ.

"ಯಾರಾರ ನಾಯಿ ಬಿಚ್ರೇ!" ಎಂದು ಅಜ್ಜಿ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನನ್ನು ಆಗಲೇ ಬಂಡಿಗೆ ಹತ್ತಿಸಿದ್ದರು. ಅಮ್ಮ ಒಳಗೆ ಅಳುವ ತಮ್ಮನನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು, ಅವಳಿಗೆ ಕೂಗು ಕೇಳಿಸಲಿಲ್ಲ. ಕೊಟ್ಟಿಗೆಯ ಹಲಗೆ ತೆಗೆದು ದನ ಬಿಟ್ಟ ಆಳುಮನುಷ್ಯ ಹಾಗೇ ದನದ ಹಿಂದೆ ಓಡಿದ್ದ. ಬಹಳ ಜನ ಸೇರಿದಲ್ಲಿ ಹಾವು ಸಾಯದು ಅನ್ನುತ್ತಾರೆ. ಗಡಿಬಿಡಿಯ ಮನೆಯಲ್ಲಿ ಒಂದು ಗಂಟನ್ನೂ ಯಾರೂ ಬಿಚ್ಚಲಿಲ್ಲ.

ತಿಳಿದದ್ದು ನದಿಯ ದಂಡೆಯಲ್ಲಿ. ಕರಿ ಮರಿಗಳ ಬಳಿಯೇ ಉಳಿದಿತ್ತು, ಕೆಂದನೆಯ ಗಂಡುನಾಯಿ ಮಾತ್ರ ಬಂಡಿಯ ಹಿಂದೆಯೇ ಓಡಿಬಂದಿತ್ತು. ಅದನ್ನು ನೋಡಿ ಅಜ್ಜಿ, "ಮುದುಕಿ ಎಲ್ಲಿ? ಬಿಚ್ಚಿದವರು ಯಾರು?" ಎಂದು ಕೇಳಿದಳು.

ಅಮ್ಮ ಅವಳ ಮುಖ ನೋಡಿದಳು. "ನೀವೇ ಸ್ನಾನಕ್ಕ ಹೋಗೋ ಮೊದಲ ಬಿಚ್ಚಿರಬೇಕು ಅನ್ಕೊಂಡೆ. ನಿಮ್ಮ ಗಂಟು ನಾ ಮುಟ್ಟಂಗಿಲ್ಲಲ್ಲರೀ."

ಅಪ್ಪ ಹಿಂದಕ್ಕೆ ಹೋಗುತ್ತೇನೆಂದು ಎದ್ದ. ಹರಿಗೋಲಿನವನು ನೆರೆ ಏರುತ್ತಿದೆ, ಇದೇ ಕೊನೆಯ ಸಲ ದಾಟಿಸುವುದು ಎಂದ. ಅಮ್ಮ ಅಪ್ಪನ ಪಂಚೆಯ ಚುಂಗು ಹಿಡಿದುಕೊಂಡು ಬಿಡಲೇ ಇಲ್ಲ. ಅಜ್ಜಿ ಹರಿಗೋಲು ಹತ್ತಿ ಊರಿನ ಕಡೆಗೆ ಬೆನ್ನು ಮಾಡಿ ಕೂತಳು. ಗಂಡುನಾಯಿ ದಂಡೆಯ ಮೇಲೆ ಬೊಗಳುತ್ತ ನಿಂತಿತ್ತು. ಅದನ್ನು ಮತ್ತೆ ನಾವು ಕಾಣಲಿಲ್ಲ.

ಕರ್ನೂಲಿನಲ್ಲಿ ಬಳಗದವರ ಪಡಸಾಲೆಯಲ್ಲಿ ಇದ್ದಷ್ಟು ದಿನವೂ ಅಜ್ಜಿ ಎಲೆಯ ಮುಂದೆ ಕೂತು ಅನ್ನ ಕಲಸುತ್ತಿದ್ದಳು, ತಿನ್ನುತ್ತಿರಲಿಲ್ಲ. "ಯಾರಾರ ಬಿಚ್ಚಿರತಾರ ಬಿಡವ್ವಾ, ಖಾಲಾ ಅದಾಳಲ್ಲ," ಎಂದು ಅಪ್ಪ ಸಮಾಧಾನ ಹೇಳುತ್ತಿದ್ದ. ಖಾಲಾ ಎಂದರೆ ನಮ್ಮ ಹಿತ್ತಲಗೋಡೆಯ ಆಚೆಗಿದ್ದ ಮುಸಲ್ಮಾನರ ಮುದುಕಿ. ಊರು ಬಿಡದೆ ಉಳಿದವಳು ನಮ್ಮ ಓಣಿಯಲ್ಲಿ ಅವಳೊಬ್ಬಳೇ. ಆ ಮಾತು ಕೇಳಿದಾಗ ಅಜ್ಜಿ ಎರಡು ತುತ್ತು ನುಂಗುತ್ತಿದ್ದಳು. ನಾನೂ ಆ ಮಾತನ್ನೇ ನಂಬಿಕೊಂಡಿದ್ದೆ.

ಭಾರತದ ಸೈನ್ಯದ ಪೊಲೀಸ್ ಆ್ಯಕ್ಷನ್ ಮುಗಿದು, ನೈಜಾಮ ಶರಣಾದ ಸುದ್ದಿ ಬಂದು, ನವರಾತ್ರಿಗೆ ಮುಂಚೆ ನಾವು ಊರಿಗೆ ಬಂದೆವು. ಬಾಗಿಲು ತೆಗೆಯುವ ಮೊದಲೇ ಅಜ್ಜಿ ಹಿತ್ತಲಿಗೆ ನಡೆದಳು. ನುಗ್ಗೆಮರದ ಕೆಳಗೆ ಕಣ್ಣಿ ಹಾಗೇ ಇತ್ತು. ಕಣ್ಣಿಯ ತುದಿಗೆ ಒಣಗಿದ ಚರ್ಮ, ಎಲುಬು. ಅದರ ಪಕ್ಕದಲ್ಲೇ ಎರಡು ಕರಿ ಮರಿಗಳು ಒಂದರ ಬಾಲ ಇನ್ನೊಂದು ಎಳೆಯುತ್ತ ಆಡುತ್ತಿದ್ದವು. ಬಡಕಲಾದ ಕರಿನಾಯಿ ಎದ್ದುಬಂದು ಅಜ್ಜಿಯ ಕಾಲು ನೆಕ್ಕಿತು. ಅಜ್ಜಿ ಮಡಿಯಲ್ಲಿದ್ದಳು. ಆದರೂ ಕಾಲು ಸರಿಸಲಿಲ್ಲ.

ಗೋಡೆಯ ಆಚೆ ಖಾಲಾಳ ತಲೆ ಕಾಣಿಸಿತು. ಅವಳ ಮಗ ಎಲ್ಲಿಗೋ ಓಡಿಹೋಗಿದ್ದ. ಮೊದಲು ನಾವು ಹೆದರಿದ್ದೆವು, ಈಗ ಅವಳು ನಮ್ಮನ್ನು ಕಂಡು ಹೆದರುತ್ತಿದ್ದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಮಾತಾಡಿದಳು.

"ದಿನಾ ಗ್ವಾಡಿ ಮ್ಯಾಲಿಂದ ರೊಟ್ಟಿ ಒಗದೀನ್ರೀ ಅಮ್ಮಾರೇ. ಅಲ್ಲಾನ ಆಣಿ. ಕರೇದು ತಿಂದು, ಮರೀನ ಒಂದೊಂದೇ ಕಚಗೊಂಡು ತಂದು ಈ ಮುದುಕಿ ಹತ್ರ ಬಿಟ್ಟು, ಹಳ್ಳಕ್ಕ ನೀರು ಕುಡ್ಯಾಕ ಹೋಗತಿತ್ತು. ಮುದುಕಿ ಒಂದಕ್ಕೂ ಹಲ್ಲು ಹಚ್ಚಲಿಲ್ಲರೀ. ಹೊಟ್ಟಿ ಕೆಳಗ ಹಾಕ್ಕೊಂಡು ಮಲಗತಿತ್ತು. ಮಳಿ ಇರೋ ತನಕ ಕಲ್ಲಿನ ಮ್ಯಾಲ ನಿಂತ ನೀರು ನೆಕ್ಕಿ ಇತ್ತು. ಮಳಿ ನಿಂತಮ್ಯಾಲ ಅದಕ್ಕ ರೊಟ್ಟಿ ನುಂಗಾಕ ಆಗಲಿಲ್ಲ."

"ಬಾವಿ ಅಲ್ಲೇ ಅದ!" ಎಂದು ಅಜ್ಜಿ ಚೀರಿದಳು. "ಒಂದು ಕೊಡ ನೀರು ಸೇದಿ ಇಡಬಾರದಾಗಿತ್ತೇನ? ಒಂದು ಕುಡುಗೋಲು ತಂದು ಕಣ್ಣಿ ಕೊಯ್ಯಬಾರದಾಗಿತ್ತೇನ? ಗ್ವಾಡಿ ಆಚೆ ನಿಂತು ನೋಡಿದ್ಯಾ?"

ಖಾಲಾಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮ್ಮ ಬಾವಿ ಐತಲ್ರೀ ಅಮ್ಮಾರೇ, ನಾ ಹ್ಯಾಂಗ ಬರ್ಲಿ?"

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಒಮ್ಮೆ ಖಾಲಾ ತನ್ನ ಕೋಳಿ ಹಿಡಿಯಲು ನಮ್ಮ ಹಿತ್ತಲಿಗೆ ಕಾಲಿಟ್ಟಿದ್ದಕ್ಕೆ ಅಜ್ಜಿ ಅವಳ ಮುಂದೆಯೇ ಬಾವಿಯ ನೀರನ್ನೆಲ್ಲ ಸೇದಿ ಚೆಲ್ಲಿಸಿದ್ದಳು. ಖಾಲಾ ಅದನ್ನು ಸಿಟ್ಟಿನಿಂದ ನೆನಪಿಟ್ಟಿರಲಿಲ್ಲ, ಕಾಯಿದೆ ಎಂದು ನೆನಪಿಟ್ಟಿದ್ದಳು. ನನಗೆ ಅಜ್ಜಿಯ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು, ಅಷ್ಟೇ ಅಳುವೂ ಬಂತು. ಆ ನಾಯಿಯನ್ನು ಅವಳಷ್ಟು ಪ್ರೀತಿಸಿದವರು ಯಾರೂ ಇರಲಿಲ್ಲ.

ಅಜ್ಜಿ ಬಾವಿಯ ಕಟ್ಟೆ ಹಿಡಿದು ಕೂತಳು. ಆಮೇಲೆ ಎದ್ದು ಹಗ್ಗ, ಕೊಡ ತಂದು ಕಟ್ಟೆಯ ಮೇಲಿಟ್ಟು, "ಬಾ, ಒಳಗ ಬಾ. ನೀನೇ ಸೇದು," ಎಂದಳು.

ಖಾಲಾ ಕೊಡದ ಕಡೆ ನೋಡಿದಳು, ಕಣ್ಣಿಯ ಕಡೆ ನೋಡಿದಳು.

"ಈಗ ಯಾರಿಗೆ ಅಮ್ಮಾರೇ?" ಎಂದು ಕೇಳಿ, ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.